ಅಪಭ್ರಂಶ ಎಂದು ಬರೆದವನು ನಾನೇ

ಕಳೆದ ಮಂಗಳವಾರ ತುಮಕೂರಿನ ಬಟವಾಡಿಯ ಕ್ಲಿನಿಕ್ಕಿನಲ್ಲಿ ನನ್ನ ಬಿಪಿ ದಿಢೀರನೆ ಏರಿತು. ಕಾರಣ ಉಪ್ಪಲ್ಲ, ನನ್ನ ಹಳೆಯ ಶಿಷ್ಯೆ.

ಅಲ್ಲಿ ಒಬ್ಬರು ಡಾಕ್ಟರ ಮುಂದೆ ಕೂತಿರುವಾಗಲೇ ಮುಂದಿನವರನ್ನು ಕಾಂಪೌಂಡರ್ ಒಳಗೆ ತಂದು ಬೆಂಚಿನಲ್ಲಿ ಕೂರಿಸುತ್ತಾನೆ. (ಗುಟ್ಟುಗಿಟ್ಟು ಏನೂ ಇಲ್ಲ. ಎಲ್ಲರ ಮೂಲವ್ಯಾಧಿಯೂ ಎಲ್ಲರಿಗೂ ಗೊತ್ತು.) ಹಾಗೆ ನಾನು ಕೂತಿದ್ದಾಗ ಡಾಕ್ಟರ ಮುಂದಿದ್ದವರು ಸವಿತಾ ಮತ್ತು ಅವಳ ತಾಯಿ ಲಕ್ಕಮ್ಮ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಗುಬ್ಬಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ಹಾಗಲವಾಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ ಸವಿತಾ. ಈಗ ತುಮಕೂರಿನ ಕಾನ್ವೆಂಟೊಂದರಲ್ಲಿ ಟೀಚರ್.

"ಏನಮ್ಮಾ ತೊಂದ್ರೆ?" ಡಾಕ್ಟರು ಕೇಳಿದ್ದು ತಾಯಿಯನ್ನು.

"ಗ್ಯಾಸ್ಟ್ರಿಕ್ ಸರ್. ಹದಿನೈದು ದಿನದಿಂದ ನಿಮ್ಮ ಮಾತ್ರೆ ತಗೊಳ್ತಿದ್ದಾರೆ, ಕಡಿಮೇನೇ ಆಗಿಲ್ಲ." ಉತ್ತರ ಮಗಳದು.

"ಅಲ್ಲ ಕಣಪ್ಪಾ..." ಎಂದು ಲಕ್ಕಮ್ಮ ಬಾಯಿ ತೆರೆದರು. ಸವಿತಾ ಅವರ ಮೊಣಕೈ ಅದುಮಿದಳು.

ನನಗೆ ತಡೆಯಲಾಗಲಿಲ್ಲ. "ಸವಿತಾ, ಅವರೇ ಹೇಳ್ಲಿ ಬಿಡಮ್ಮ" ಎಂದೆ.

ತಿರುಗಿ ನೋಡಿದವಳು ದಡಬಡಿಸಿ ಎದ್ದು ನಿಂತಳು. "ಸಾರ್, ನೀವಾ!" ಆಮೇಲೆ ದನಿ ತಗ್ಗಿಸಿ, "ಬೇಡ ಸಾರ್, ಅಮ್ಮಂದು ಬರೀ ಅಪಭ್ರಂಶ. ಹೊರಗಡೆ ಬಂದಾಗ ಮಾತಾಡ್ಬೇಡ ಅಂದಿದೀನಿ. ನೀವೇ ಅಲ್ವಾ ಸಾರ್ ನಮ್ಮನ್ನ ತಿದ್ದಿದ್ದು?"

ನನಗೆ ಕಪಾಳಕ್ಕೆ ಬಿಗಿದಂತಾಯಿತು.

ಹೌದು, ನಾನೇ. ಹಾಲನ್ನು ‘ಆಲು’, ಹೂವನ್ನು ‘ಊವು’ ಎಂದು ಬರೆದ ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ‘ಅಪಭ್ರಂಶ’ ಎಂದು ಬರೆಯುತ್ತಿದ್ದೆ. ಬೆಂಚಿನ ಮೇಲೆ ನಿಲ್ಲಿಸಿ ಹತ್ತು ಸಲ ಸರಿಯಾಗಿ ಹೇಳಿಸುತ್ತಿದ್ದೆ. "ನಿಮ್ಮನೇಲಿ ಹಿಂಗೇನಾ ಮಾತಾಡೋದು?" ಎಂದು ಬೇರೆ ಕೇಳುತ್ತಿದ್ದೆ. ಕ್ಲಾಸು ಗೊಳ್ಳೆಂದು ನಗುತ್ತಿತ್ತು. ನಾನೂ ನಗುತ್ತಿದ್ದೆ. ಸ್ಟ್ರಿಕ್ಟ್ ಮೇಷ್ಟ್ರು ಎಂದು ಹೆಡ್‌ಮಾಸ್ಟರು ಹೊಗಳುತ್ತಿದ್ದರು!

"ಅವ್ರು ಮಾತಾಡ್ಲಿ" ಎಂದರು ಡಾಕ್ಟರು.

ಲಕ್ಕಮ್ಮ ಮೊದಲು ಮಗಳ ಮುಖ ನೋಡಿದರು. ಆಮೇಲೆ ಹೇಳಿದರು: "ಒಟ್ಟೆ ಅಲ್ಲ ಕಣಪ್ಪಾ. ನಾಕೆಜ್ಜೆ ಇಟ್ರೆ ಎದೆ ಇಂಡ್ದಂಗಾಯ್ತದೆ. ಎಡಗೈ ಜೋಮಿಡೀತದೆ. ಕುಂತ್ಕಂಡ್ರೆ ಬುಟ್ಟೋಯ್ತದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಪಕ್ಕದ ಕೋಣೆಯಲ್ಲಿ ಇಸಿಜಿ ಆಯಿತು. "ಇದು ಹಾರ್ಟು. ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ. ಇದನ್ನ ಮೊದಲ ದಿನವೇ ಹೇಳಬಾರ್ದಾ?" ಎಂದರು. ಸವಿತಾ ಅಳತೊಡಗಿದಳು.

ಆಟೋ ಹತ್ತಿಸುವಾಗ ಲಕ್ಕಮ್ಮ ನನ್ನ ಕೈ ಹಿಡಿದುಕೊಂಡರು. "ಮೇಷ್ಟ್ರೇ, ನಿಮ್ಮಿಂದ್ಲೇ ನಮ್ ಉಡ್ಗಿ ಟೀಚರ್ ಆದ್ಲು. ದ್ಯಾವ್ರು ನಿಮ್ಮುನ್ನ ಚೆನ್ನಾಗಿಟ್ಟಿರ್ಲಿ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದು ನಿಘಂಟು, ವ್ಯಾಕರಣ ಎರಡನ್ನೂ ತೆಗೆದೆ. ಅಷ್ಟು ವರ್ಷ ಬಳಸಿದ ಪದವನ್ನು ಪೂರ್ತಿ ಓದಿದ್ದು ಅಂದೇ! ಅಪಭ್ರಂಶ ಎಂದರೆ ಜಾರಿ ಬಿದ್ದದ್ದು. ಸಂಸ್ಕೃತದ ವೈಯಾಕರಣರು ಶುದ್ಧ ರೂಪ ಬಿಟ್ಟ ಮಾತಿಗೆಲ್ಲ ಆ ಹೆಸರಿಟ್ಟರು. ನಾನು ಕಲಿಸಿದ್ದು ಇಷ್ಟೇ. ಆದರೆ ಉತ್ತರ ಭಾರತದಲ್ಲಿ ಅದೇ ಹೆಸರಿನ ಭಾಷೆಗಳಲ್ಲಿ ಕಾವ್ಯಗಳೇ ಹುಟ್ಟಿದವು. ಹಿಂದಿ, ಗುಜರಾತಿಗಳು ಬೆಳೆದು ಬಂದದ್ದು ಅವುಗಳಿಂದಲೇ. ನಮ್ಮ ಹಳಗನ್ನಡ ವ್ಯಾಕರಣದಲ್ಲೋ, ಸಂಸ್ಕೃತದ ಪದ ಕನ್ನಡದ ಬಾಯಿಗೆ ಒಗ್ಗುವುದಕ್ಕೆ ಆ ಹೆಸರು. ಆಕಾಶ ಆಗಸವಾಗಿದ್ದು ಹಾಗೆ. ಆಗಸ ಎಂದು ಬರೆದವರಿಗೆ ನಾನು ಶಭಾಷ್ ಎನ್ನುತ್ತಿದ್ದೆ! ಇನ್ನು ಹಾಲು, ಹೂವು ಅಚ್ಚಗನ್ನಡ ಪದಗಳು. ಹಳ್ಳಿಯ ಬಾಯಲ್ಲಿ ಅವು ಆಲು, ಊವು ಆದರೆ ಈ ಹಣೆಪಟ್ಟಿ ಹಚ್ಚಲು ನಾನ್ಯಾರು?

ಲಕ್ಕಮ್ಮನವರ ಜೀವ ಉಳಿಯಿತು. ನಿನ್ನೆ ವಾರ್ಡಿಗೆ ಹೋಗಿ ಸವಿತಾಳ ಮುಂದೆ ತಪ್ಪೊಪ್ಪಿಕೊಂಡೆ. "ಅಯ್ಯೋ ಬಿಡಿ ಸಾರ್" ಎಂದಳು. ಬಿಡುವುದು ಹೇಗೆ?

ಹದಿನೆಂಟು ಬ್ಯಾಚಿನ ಮಕ್ಕಳಿಗೆ ಪಾಠ ಮಾಡಿದ್ದೇನೆ. ಇನ್ನೆಷ್ಟು ಜನರ ಅಮ್ಮಂದಿರು ಎದೆ ಹಿಡಿದುಕೊಂಡು ಬಾಯಿ ಮುಚ್ಚಿ ಕೂತಿದ್ದಾರೋ?