ಪವರ್‌ಲೂಮ್ ಮಾವಶಿ

ನಿಪ್ಪಾಣಿ ಹತ್ತಿರದ ನಮ್ಮೂರಲ್ಲಿ ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹೆಂಗಸೊಬ್ಬಳು ಪವರ್‌ಲೂಮ್ ನಡೆಸುತ್ತಿದ್ದಳು. ಸಂಜೆ ಸಾಲಿ ಬಿಟ್ಟ ಮೇಲೆ ಬಂದು ನಾನು ಏನೇ ಹೇಳಿದರೂ ಅವಳು ಮಗ್ಗ ನಿಲ್ಲಿಸುತ್ತಿರಲಿಲ್ಲ. ಕಿವಿಗೆ ಕೈ ಹಚ್ಚಿ, "ಕೇಳಸವಲ್ದು ಬೇ, ಇನ್ನೊಮ್ಮೆ ಹೇಳ" ಅನ್ನುತ್ತಿದ್ದಳು. ಆ ಗದ್ದಲದಲ್ಲಿ ಎಲ್ಲರ ಮಾತನ್ನೂ ತುಟಿ ನೋಡಿಯೇ ತಿಳಿಯುವ ಹೆಂಗಸು, ನನ್ನ ಮುಂದೆ ಮಾತ್ರ ಕಿವುಡಿ! ಗಂಟಲು ಹರಿಯುವಂತೆ ಒದರುವತನಕ ಬಿಡುತ್ತಿರಲಿಲ್ಲ.

ಮುಂದೊಮ್ಮೆ ಗ್ರಾಮಸಭೆಯಲ್ಲಿ ನಾನು ಎದ್ದು, ಕಾಲೇಜಿಗೆ ಹೋಗುವ ನಮ್ಮಂಥ ಹುಡುಗಿಯರಿಗೆ ಬೆಳಗಿನ ಬಸ್ಸು ಬೇಕೆಂದೆ. "ಸಾಕು, ಕುಂದರ" ಎಂದು ಸದಸ್ಯರೊಬ್ಬರು ಮೈಕು ಕಸಿದುಕೊಂಡರು. ನಾನು ಕೂಡಲಿಲ್ಲ. ಮೈಕಿಲ್ಲದೆಯೇ ಪೂರ್ತಿ ಹೇಳಿದೆ. ಬಸ್ಸಿನ ಠರಾವು ಬರೆದುಕೊಂಡರು.

ಕಟ್ಟಕಡೆಯ ಸಾಲಿನಲ್ಲಿ ಮಾವಶಿ ಎದ್ದು ನಿಂತು, ಕಿವಿಗೆ ಹಚ್ಚಿದ್ದ ಕೈ ತೆಗೆದಳು.

"ಕೇಳಿಸ್ತ ಬೇ! ಇಲ್ಲಿತನಾ ಕೇಳಿಸ್ತ!"