ಅಕ್ಕಿಯೊಳಗಿಟ್ಟ ಮೂಗುಬಟ್ಟು

ನಮ್ಮ ಅತ್ತೆಯ ಕೆಂಪು ಹರಳಿನ ಮೂಗುಬಟ್ಟಿಗೆ ಮನೆಮಂದಿಗಿಂತ ಹೆಚ್ಚು ಮಡಿ. ಸೋಪು ತಾಗಬಾರದು, ಸೆಂಟು ತಾಗಬಾರದು, ಅಡುಗೆಮನೆಯ ಉಗಿಯೂ ಬಡಿಯಬಾರದು. ಒರೆಸುವುದು ಹಳೆಯ ಧೋತರದ ಮೆತ್ತನೆಯ ತುಂಡಿನಿಂದ. ಇಡುವುದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ, ಅಕ್ಕಿಯೊಳಗೆ ಹುಗಿದು.

“ಅಕ್ಕಿ ತ್ಯಾವ ಹೀರತೈತಿ, ಹರಳು ಮಂಕಾಗೂದಿಲ್ಲ. ಕಳ್ಳ ಬಂದ್ರೂ ಅಕ್ಕಿ ಅಂತ ಬಿಟ್ಟು ಹೋಗ್ತಾನ,” ಅನ್ನುತ್ತಿದ್ದರು.

ನನ್ನ ಮಗಳ ಮದುವೆ ಯರಗಟ್ಟಿಯಲ್ಲಿ ನಡೆಯಿತು. ಮೊಮ್ಮಗಳನ್ನು ಗಂಡನ ಮನೆಗೆ ಕಳಿಸುವ ಮೊದಲು ಆ ಮೂಗುಬಟ್ಟನ್ನು ತಮ್ಮ ಕೈಯಾರೆ ತೊಡಿಸಬೇಕೆಂಬುದು ಅತ್ತೆಯ ಒಂದೇ ಆಸೆ. ನಾನು ಡಬ್ಬಿಯನ್ನು ಹಾಗೆಯೇ ಕಲ್ಯಾಣಮಂಟಪಕ್ಕೆ ಒಯ್ದು, ನಮ್ಮ ಕೋಣೆಯ ಕಿಟಕಿಯಲ್ಲಿಟ್ಟಿದ್ದೆ.

ಮದುಮಕ್ಕಳ ಮೇಲೆ ಅಕ್ಷತೆಯ ಅಕ್ಕಿಕಾಳು ಬಿದ್ದು ಜನ ಊಟಕ್ಕೆ ಏಳತೊಡಗಿದರು. ಡಬ್ಬಿ ತೆಗೆದರೆ ಖಾಲಿ.

“ಇದರಾಗಿನ ಅಕ್ಕಿ ಎಲ್ಲಿ?” ಎಂದೆ.

“ಅಕ್ಕಿಕಾಳು ಕಡಿಮಿ ಬಿದ್ದಿದ್ವು ವೈನಿ. ಗಡಿಬಿಡ್ಯಾಗ ಅದನ್ನೂ ಸುರುವಿ, ಅರಿಷಿಣ ಕಲಸಿ ಹಂಚಿಬಿಟ್ಟೆ,” ಎಂದಳು ಸವದತ್ತಿಯಿಂದ ಬಂದ ನಾದಿನಿ, ಶಾಭಾಸ್ ಅನ್ನಿಸಿಕೊಳ್ಳಲು ಕಾದವಳಂತೆ.

ಅಂದರೆ ಮೂಗುಬಟ್ಟು ಯಾರದೋ ಮುಷ್ಟಿಯಿಂದ ಹಾರಿ, ಮದುಮಕ್ಕಳಿಗೆ ಆಶೀರ್ವಾದ ಮಾಡಿಬಂದಿತ್ತು!

ಅತ್ತೆ ಎದ್ದು ನಿಂತರು. “ಯಾರೂ ಕಸಬರಿಗಿ ಮುಟ್ಟಬ್ಯಾಡ್ರಿ! ಎಲ್ಲಾರೂ ಸೆರಗು ಝಾಡಿಸ್ರಿ!”

ಹೆಂಗಸರು ಸೆರಗು ಝಾಡಿಸಿದರು, ಗಂಡಸರು ಜೇಬು. ಬೀಗರ ಕಡೆಯ ಹಿರಿಯರೊಬ್ಬರು ಟೋಪಿ ತೆಗೆದು ಕೊಡವಿದರು, ಬರೀ ಅಕ್ಕಿ. ನಾನು ಜರಿ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತು ನೆಲದ ಕಾಳು ಆರಿಸುತ್ತಿದ್ದೆ. ಕೊನೆಗೆ ಬೀಗತಿ ಮದುಮಗನ ತಲೆಗೆ ಸುತ್ತಿದ್ದ ಪಟಗಾ ಬಿಚ್ಚಿದರು. ಅದರ ಮಡಿಕೆಯಿಂದ ಮೂಗುಬಟ್ಟು ಅವರ ಉಡಿಗೇ ಬಿತ್ತು, ಮೈತುಂಬ ಅರಿಷಿಣ ಬಳಕೊಂಡು.

“ನಮ್ಮ ಮಗನ ತಲಿ ಮ್ಯಾಲೆ ಬಿದ್ದದ್ದು ಇನ್ನ ನಮ್ದು, ಆಯಿ,” ಎಂದು ಬೀಗತಿ ನಕ್ಕರು.

“ಇಟ್ಕೋರಿ ಬೀಗತ್ಯಾರ. ಅದನ್ನ ಹಾಕ್ಕೊಳ್ಳೂ ಮೂಗೂ ಇವತ್ತ ನಿಮ್ಮ ಮನೀಗೇ ಬರತೈತಿ,” ಎಂದರು ಅತ್ತೆ. ಬೀಗತಿ ಮೂಗುಬಟ್ಟನ್ನು ಅತ್ತೆಯ ಅಂಗೈಗಿಟ್ಟರು.

ಅತ್ತೆ ಅದನ್ನು ನೀರು ತಾಗಿಸದೆ ಒರೆಸಿ, ಮೊಮ್ಮಗಳ ಮೂಗಿಗೆ ಏರಿಸಿದರು. ತಿರುಪು ಬಿಗಿಯುವ ಮೊದಲೇ, ಉಳಿದಿದ್ದ ಅರಿಷಿಣದ ಘಾಟಿಗೆ ಮಗಳು ಸೀನಲು ಬಾಯಿ ತೆರೆದಳು. ಅತ್ತೆಯದೊಂದು, ಬೀಗತಿಯದೊಂದು, ನನ್ನದೊಂದು, ಮೂರು ಅಂಗೈ ಒಮ್ಮೆಲೇ ಅವಳ ಮೂಗಿನ ಕೆಳಗೆ ಹೋದವು.