ಹಗ್ಗ ಎಳೆದವರ ಪಾಲು

ಹೊನ್ನಾವರದ ಹತ್ತಿರ ಒಂದು ಸಣ್ಣ ಮೀನುಗಾರರ ಊರು. ಬೆಳಗ್ಗೆ ದಡದಲ್ಲಿ ಇಪ್ಪತ್ತು ಮೂವತ್ತು ಜನ ಬಲೆಯ ಹಗ್ಗ ಎಳೆಯುತ್ತಿದ್ದರು. ನನ್ನ ಜೊತೆ ಬಂದಿದ್ದ ಸಿಂಧಘಟ್ಟದ ಗೆಳೆಯ ನಂಜೇಗೌಡ ಸುಮ್ಮನಿರಲಾರದೆ ತಾನೂ ಕೈ ಹಾಕಿದ. ಬಲೆ ಮೇಲೆ ಬಂದದ್ದೇ ಒಬ್ಬ ಅಜ್ಜಿ ಎಲ್ಲರಿಗೂ ಮೀನು ಹಂಚುತ್ತಾ ಬಂದು ಅವನ ಟವೆಲಿಗೂ ಎಂಟು ಬಂಗುಡೆ ಹಾಕಿದಳು.

"ಅಯ್ಯೋ, ಇವತ್ತು ಸ್ವಾಮ್ವಾರ ಕಣಜ್ಜಿ, ನಾವು ಮುಟ್ಟಕಿಲ್ಲ" ಎಂದ.

"ಹಗ್ಗ ಎಳ್ದವ್ರಿಗೆ ಪಾಲು ಕೊಡ್ಲೇಬೇಕು ತಮ್ಮಾ. ತಿನ್ನೂದು ಬಿಡೂದು ನಿಂಗೆ ಸೇರಿದ್ದು" ಎಂದು ಅಜ್ಜಿ ಮುಂದೆ ಹೋದಳು.

ಊರಿಗೆ ನಮ್ಮ ಬಸ್ಸು ಅವತ್ತು ಸಂಜೆಗೇ ಇತ್ತು.

"ಯಾರ್ಗಾದ್ರೂ ಕೊಟ್ಬುಡು ಕಣ್ಲಾ" ಎಂದೆ.

ನಂಜೇಗೌಡ ಟವೆಲನ್ನು ಎದೆಗೆ ಅವುಚಿಕೊಂಡ. "ದುಡಿದು ತಗಂಡಿರೋದು ಕಣ್ಲಾ! ಬಸ್ಸು ನಾಳಿಕ್ಕೂ ಐತೆ. ಐಸು ಎಲ್ ಸಿಕ್ತದೋ ಕೇಳ್ಕಂಬಾ, ಓಗು."